ಬಣ್ಣ ಬಿಡದ ಮರಿಕೋಸು

ಹೆಡ್‌ಮಿಸ್ಟ್ರೆಸ್‌ಗೆ ಮರಿಕೋಸು ಅಂದರೆ ಪ್ರಾಣ ಎಂದು ಯಾರೋ ಹೆಂಡತಿಯ ಕಿವಿಗೆ ಹಾಕಿದ್ದೇ ದರ್ಜಿಯ ಗ್ರಹಚಾರ. ಆಯಮ್ಮ ಅಂದು ಮಧ್ಯಾಹ್ನ ಊಟಕ್ಕೆ ಬರುವವರಿದ್ದರು. ಕಳೆದ ವರ್ಷ ಯಾವನೋ ಹೊಲಿದ ಸಮವಸ್ತ್ರದ ನೂಲು ಬಣ್ಣ ಬಿಟ್ಟು ಇಡೀ ಶಾಲೆಯ ಬಿಳಿ ಅಂಗಿ ಹಾಳಾಗಿತ್ತು. ಈ ಸಲ ಮುನ್ನೂರು ಜೊತೆ ಹೊಲಿಯುವ ಆರ್ಡರ್ ಇವನಿಗೆ ಸಿಗಬಹುದು. ಸಿಗದಿದ್ದರೆ ಅಂಗಡಿಗೆ ಬೀಗವೇ ಗತಿ.

"ಚೆನ್ನಾಗಿ ಮಾಡಿ, ಮಾನ ಕಳೀಬೇಡಿ" ಎಂದು ಹೆಂಡತಿ ಬುಟ್ಟಿ ಕೈಗಿಟ್ಟು ಕೆಲಸಕ್ಕೆ ಹೋದಳು. ಬುಟ್ಟಿಯ ತುಂಬ ನೆಲ್ಲಿಕಾಯಿ ಗಾತ್ರದ ಕೋಸುಗಳು. ದರ್ಜಿಗೆ ಬರುತ್ತಿದ್ದ ಅಡುಗೆಯೆಂದರೆ ನೀರು ಕಾಯಿಸುವುದೊಂದೇ.

ಕೆಳಮನೆಯ ನರ್ಸಮ್ಮ ಕರೆಯದೆಯೇ ಬಂದಳು. "ಬೇಯಿಸ್ರೀ, ಅಷ್ಟೇ!"

ಅರ್ಧ ಬುಟ್ಟಿ ಬೇಯಿಸಿದ. ಎಲೆಯೆಲ್ಲ ಬಿಚ್ಚಿಕೊಂಡು ಪಾತ್ರೆ ಪಾಚಿಗಟ್ಟಿದ ಕೆರೆಯಾಯಿತು. ವಾಸನೆಗೆ ಪಕ್ಕದ ಮನೆಯ ಬಸ್ ಡ್ರೈವರ್ ಮೂಗು ಹಿಡಿದು ಓಡಿಬಂದ. "ಚರಂಡಿ ಕಟ್ಕೊಂಡಿದೆಯೇನ್ರೀ? ಓ, ಇದಾ! ಇದನ್ನ ಬೆಳ್ಳುಳ್ಳಿ ಹಾಕಿ ಎಣ್ಣೇಲಿ ಹುರೀಬೇಕು!"

"ನಿಮ್ಗೇನು ಗೊತ್ತು? ಓವನ್ನಲ್ಲಿಟ್ರೆ ಗರಿಗರಿಯಾಗುತ್ತೆ" ಎಂದು ನರ್ಸಮ್ಮ ಸೆರಗು ಸಿಕ್ಕಿಸಿದಳು.

"ಮೂರೂ ಮಾಡ್ತೀನಿ, ಬಾಯ್ಮುಚ್ಕೊಳ್ಳಿ!" ಎಂದ ದರ್ಜಿ. ಆದರೆ ಮತ್ತೆ ಬಿಚ್ಚಿಕೊಂಡರೆ? ದರ್ಜಿಗೆ ದರ್ಜಿಯ ಬುದ್ಧಿಯೇ ಹೊಳೆಯಿತು. "ನೂಲು ತನ್ನಿ!"

ಅವನ ನೂಲೆಲ್ಲ ಅಂಗಡಿಯಲ್ಲಿತ್ತು. ನರ್ಸಮ್ಮ ಕೆಳಗೋಡಿ ಒಂದು ಕೆಂಪು ನೂಲುಂಡೆ ತಂದಳು. ಎಲ್ಲಿಂದ ಎಂದು ಕೇಳುವಷ್ಟು ಪುರುಸೊತ್ತು ಯಾರಿಗಿತ್ತು? ಒಂದೊಂದು ಕೋಸಿಗೂ ನೂಲು ಸುತ್ತಿ ಗಂಟು ಹಾಕಿದ. ಬೇಯಿಸಿದ, ಹುರಿದ, ಓವನ್ನಿಗೆ ತುರುಕಿದ. ಮನೆಯೆಲ್ಲ ಘಮ್ಮೆಂದಿತು. ಆ ಖುಷಿಯಲ್ಲಿ ನೂಲು ಬಿಚ್ಚುವುದನ್ನೇ ಮರೆತ.

ಹೆಡ್‌ಮಿಸ್ಟ್ರೆಸ್ ಬಂದರು, ಕೂತರು, ಕಚ್ಚಿದರು. ಬಾಯಿಂದ ಗೇಣುದ್ದದ ಕೆಂಪು ನೂಲು ಹೊರಬಂತು.

"ಇದೇನ್ರೀ ಇದು?"

ದರ್ಜಿ ಕೈಮುಗಿದ. "ತಪ್ಪಾಯ್ತು ಮೇಡಂ... ಕಟ್ಟಿ ಬೇಯಿಸ್ದೆ, ಹುರಿದೆ, ಓವನ್ನಲ್ಲೂ ಇಟ್ಟೆ..."

ಅವರು ಕನ್ನಡಕ ಏರಿಸಿ, ನೂಲನ್ನು ತಮ್ಮ ಬಿಳಿ ಕರ್ಚೀಫಿಗೆ ಉಜ್ಜಿ ನೋಡಿದರು. "ಮೂರು ಸಲ ಬೆಂದ್ರೂ ಚೂರು ಬಣ್ಣ ಬಿಟ್ಟಿಲ್ವಲ್ರೀ! ಇಂಥದ್ದನ್ನೇ ಹುಡುಕ್ತಿದ್ದೆ. ಮುನ್ನೂರು ಜೊತೇನೂ ಈ ನೂಲಿನೋರಿಗೇ!"

ದರ್ಜಿ ಉಬ್ಬಿಹೋದ. ಬಾಯಿ ತೆರೆಯುವಷ್ಟರಲ್ಲಿ ನರ್ಸಮ್ಮ ಮುಂದೆ ಬಂದಳು. "ನಾನೇ ತಂದ್ಕೊಟ್ಟಿದ್ದು ಮೇಡಂ! ಎದುರುಗಡೆ ಸೋಡಾಬುಡ್ಡಿ ಟೈಲರ್ ಇಲ್ವಾ, ಅವನ ಅಂಗಡೀದು. ಚಿನ್ನದಂಥ ಮನುಷ್ಯ!"

ಹೆಡ್‌ಮಿಸ್ಟ್ರೆಸ್ ಇನ್ನೂ ಆರು ಕೋಸು ತಿಂದು, ಕೈ ತೊಳೆದು, ನೆಟ್ಟಗೆ ರಸ್ತೆ ದಾಟಿದರು.

ಸಂಜೆ ಹೆಂಡತಿ ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಆರ್ಡರ್ ಸಿಕ್ತಾ?"

"ಸಿಕ್ತು" ಎಂದ ದರ್ಜಿ, ಸೀದ ಟ್ರೇ ಉಜ್ಜುತ್ತ. "ಎದುರಂಗಡಿಯವನಿಗೆ."