ಸ್ನಾನ ಮಾಡಿಸಿದ ಹಾರ್ಮೋನಿಯಂ

ಮೇ ಹದಿನೆಂಟು. ಶ್ರೀರಂಗಪಟ್ಟಣದಲ್ಲಿ ಬೆಳಗ್ಗೆಯಿಂದ ಮೋಡ, ಆಗಾಗ ತುಂತುರು. ಇಂಥ ದಿನ ಅಂಟು ಒಣಗುವುದಿಲ್ಲ. ಆದ್ದರಿಂದ ಕೈಗೆ ಕೆಲಸವಿಲ್ಲ, ಬರೆಯುತ್ತಿದ್ದೇನೆ. ಮನೆಯ ಮುಂದಿನ ಕೋಣೆಯಲ್ಲಿ ಹಾರ್ಮೋನಿಯಂ ಕಟ್ಟುತ್ತ, ರಿಪೇರಿ ಮಾಡುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ. ಹಾರ್ಮೋನಿಯಂ ತಾನಾಗಿ ಕೆಟ್ಟುಹೋದದ್ದನ್ನು ನಾನು ಕಂಡದ್ದು ಕಡಿಮೆ. ಪ್ರೀತಿಯಿಂದ ಕೆಡಿಸುವವರಿಗೆ ಮಾತ್ರ ಯಾವ ವರ್ಷವೂ ಬರವಿಲ್ಲ. ಒಂದೇ ಪೆಟ್ಟಿಗೆಯನ್ನು ಎರಡು ಸಲ ಕೊಂದು, ಮೂರನೆಯ ಸಲಕ್ಕೂ ಕೈ ಎತ್ತಿದವರು ಪಾಂಡವಪುರದ ಕಡೆಯ ಒಂದು ಹಳ್ಳಿಯ ನಾಟಕ ಸಂಘದವರು.

೧. ಸ್ನಾನ

ಮೊದಲ ಸಲ ಸಂಘದ ಕಾರ್ಯದರ್ಶಿ ಅದನ್ನು ಗೋಣಿಚೀಲದಲ್ಲಿ ಸುತ್ತಿ ತಂದ. ಮೇಜಿನ ಮೇಲಿಟ್ಟರೆ ಕೆಳಗೆ ನೀರು ತೊಟ್ಟಿಕ್ಕಿತು.

"ಏನಾಯಿತು?"

"ಏನೂ ಆಗ್ನಿಲ್ಲ ಅಣ್ಣೋ. ಆಯುಧಪೂಜೆ ಅಲ್ವಾ, ಟ್ರಾಕ್ಟರು ತೊಳೀತಿದ್ದೊ. ಅಂಗೇ ಇದ್ಕೂ ಒಸಿ ಪೈಪು ಇಡುದ್ಬುಟ್ಟೊ."

"ಒಳಗೂ?"

"ಮತ್ತೆ? ಧೂಳು ಇರೋದೇ ಒಳುಗಲ್ವಾ!"

ತೆರೆದೆ. ಗಾಳಿ ಊದುವ ತಿದಿ ನೆನೆದ ರಟ್ಟಾಗಿತ್ತು. ಸಂದುಸಂದಿನಲ್ಲೂ ಅರಿಶಿನ, ಕುಂಕುಮ. ಆದರೆ ಒಳಗಿದ್ದ ಹಿತ್ತಾಳೆ ರೀಡುಗಳನ್ನು ಕಂಡು ನನ್ನ ಕೈ ನಿಂತಿತು. ಈಗ ಅಂಥವನ್ನು ಯಾರೂ ಮಾಡುವುದಿಲ್ಲ. ಒಂದನ್ನು ಬಾಯಿಗಿಟ್ಟು ಊದಿದೆ. ಅಷ್ಟು ನೀರು ಕುಡಿದೂ ಸ್ವರ ಕದಲಿರಲಿಲ್ಲ.

"ಇದನ್ನು ನನಗೆ ಮಾರಿಬಿಡಿ" ಎಂದೆ.

ಅವನು ಎರಡೂ ಕೆನ್ನೆ ಬಡಿದುಕೊಂಡ. "ಪೂಜೆ ಮಾಡಿರೋದ್ನ ಮಾರದಾ? ಸರಸ್ವತಿ ಕಣಣ್ಣ ಅದು!"

ಸರಸ್ವತಿಗೆ ನೆಗಡಿಯಾಗಿದೆ, ಒಂದು ತಿಂಗಳು ಬಿಟ್ಟು ಬನ್ನಿ ಎಂದೆ.

೨. ಬಣ್ಣ

ರಿಪೇರಿಯಾಗಿ ಹೋದದ್ದು ನಾಲ್ಕು ತಿಂಗಳಿಗೆ ಮರಳಿ ಬಂತು. ತೇಗದ ಪೆಟ್ಟಿಗೆ ಈಗ ಆಕಾಶನೀಲಿ. ಒಂದು ಕೀಯನ್ನೂ ಒತ್ತಲಾಗದು; ಸಂದಿಯಲ್ಲೆಲ್ಲ ಬಣ್ಣ ಇಳಿದು ಗಟ್ಟಿಯಾಗಿತ್ತು.

"ಕೆ.ಆರ್. ಪೇಟೆಯಿಂದ ಪೇಂಟರ್ ಕರ್ಸಿದ್ದೊ. ಗೇಟಿಗೆ ಒಡ್ದು ಬಣ್ಣ ಮಿಕ್ಕಿತ್ತು" ಎಂದ ಕಾರ್ಯದರ್ಶಿ.

"ಗಾಳಿ ಹೋಗುವ ತೂತುಗಳೆಲ್ಲಿ?"

"ತೂತಿದ್ರೆ ಏನ್ ಚೆಂದ ಅಣ್ಣೋ? ಪುಟ್ಟಿ ತುಂಬ್ಸುಬುಟ್ಟೊ."

ಮಾರಿ ಎಂದು ಮತ್ತೆ ಕೇಳಿದೆ.

"ಈಗಂತೂ ಆಗಾಕಿಲ್ಲ. ದಾನಿಗಳ ಎಸ್ರು ಬರ್ಸಿವಿ, ನೋಡಿ."

ನೋಡಿದೆ. ಮೈತುಂಬ ಹದಿಮೂರು ಹೆಸರು. ಪೆಟ್ಟಿಗೆ ಕೊಟ್ಟವರದಲ್ಲ, ಬಣ್ಣ ಕೊಟ್ಟವರದು.

೩. ಶ್ರುತಿ

ನಮ್ಮ ಕಡೆಯ ಪೌರಾಣಿಕ ನಾಟಕದಲ್ಲಿ ಪಾತ್ರಧಾರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅವನೇ ಸಂಘಕ್ಕೆ ದುಡ್ಡು ಕೊಟ್ಟು ಪಾತ್ರ ಕೊಳ್ಳುತ್ತಾನೆ. ಮೂರನೆಯ ಸಲ ಪೆಟ್ಟಿಗೆಯ ಜೊತೆ ಬಂದವನು ದೊರೆಯ ಪಾತ್ರ ಕೊಂಡಿದ್ದ ಇಟ್ಟಿಗೆ ಗೂಡಿನ ಯಜಮಾನ. ಕಾರ್ಯದರ್ಶಿ ಹಿಂದೆ ನಿಂತಿದ್ದ.

"ನನ್ನ ಗಂಟ್ಲು ಸರಿಯಾಗೇ ಐತೆ. ಪೆಟ್ಗೇನೇ ಮ್ಯಾಲೈತೆ. ರೀಡು ಒಸಿ ಉಜ್ಜಿ ಕೆಳುಕ್ಕಿಳ್ಸಿ" ಎಂದ ದೊರೆ.

"ಉಜ್ಜಿದರೆ ಅವು ಹಾಳು. ಎರಡು ಕೀ ಕೆಳಗಿನಿಂದ ನುಡಿಸಿದರೆ ಆಯಿತಲ್ಲ."

"ನಾಟಕ ಕಲ್ಸೋ ನಾಗಮಂಗಲದ ಮೇಷ್ಟ್ರೂ ಅದ್ನೇ ಅಂದ್ರು. ಆ ಕೀನಲ್ಲಿ ಮಂತ್ರಿ ಪದ ಯೋಳ್ತಾವ್ನೆ. ಅವ್ನು ಕೊಟ್ಟಿರೋದು ಅದ್ನೆಂಟು, ನಾನು ನಲ್ವತ್ತು ಸಾವ್ರ. ದೊರೆ ಮಂತ್ರಿಗಿಂತ ಕೆಳುಗ್ ಯೋಳದಾ?"

"ಹಾಗಾದರೆ ಮಂತ್ರಿಯನ್ನು ಇನ್ನೆರಡು ಕೀ ಇಳಿಸಿ."

"ಅವ್ನು ನಮ್ಮ ಬಾಮೈದ. ಮನೇಲಿ ಊಟ ಸಿಕ್ಕಾಕಿಲ್ಲ" ಎಂದು ದೊರೆ ಪೆಟ್ಟಿಗೆಗೆ ಕೈ ಹಾಕಿದ. "ನೀವು ಉಜ್ಜದಿದ್ರೆ ಬುಡಿ. ಕಬ್ಬು ಕಡಿಯೋ ಮಚ್ಚು ಮಸೆಯಾಕೆ ನಮ್ಮನೇಲೂ ಅರ ಐತೆ."

೪. ಕಾಣಿಕೆ

ಕಾರ್ಯದರ್ಶಿಯನ್ನು ಹಿತ್ತಿಲಿಗೆ ಕರೆದೆ. "ನಾನೇ ಕಟ್ಟಿದ ಹೊಸ ಪೆಟ್ಟಿಗೆ ಕೊಡುತ್ತೇನೆ. ದೊರೆ ಎಷ್ಟು ಕೆಳಗೆ ಬೇಕೆಂದರೂ ಇಳಿಸಿಕೊಡುತ್ತೇನೆ. ಇದನ್ನು ಬಿಟ್ಟುಬಿಡಿ."

"ಬದ್ಲು ಕೊಟ್ರೂ ಮಾರ್ದಂಗೇ ಕಣಣ್ಣ." ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಒಂದು ದಾರಿ ಐತೆ. ಸಂಘದ ಕಲಾವಿದ್ರಿಗಾದ್ರೆ ಕಾಣ್ಕೆ ಅಂತ ಕೊಡ್ಬೋದು."

"ನಾನು ಸ್ಟೇಜು ಹತ್ತಿದವನೇ ಅಲ್ಲ."

"ಇವಾಗ ಅತ್ತಿ."

ಹೊರಗೆ ದೊರೆ ಆಗಲೇ ಪೆಟ್ಟಿಗೆಯನ್ನು ಬೈಕಿಗೆ ಕಟ್ಟುತ್ತಿದ್ದ. ನಾನು ಒಪ್ಪಿಕೊಂಡೆ.

ಪೆಟ್ಟಿಗೆ ಮನೆಯಲ್ಲೇ ಉಳಿಯಿತು. ಅವರು ಹೋದ ಮೇಲೆ ಹೆಂಡತಿ ಬಂದು ಅದರ ಸುತ್ತ ಒಂದು ಸುತ್ತು ಹಾಕಿದಳು.

"ಈ ನೀಲಿ ಡಬ್ಬಕ್ಕೆ ಏನು ಕೊಟ್ರಿ?"

"ಒಂದು ಹೊಸ ಪೆಟ್ಟಿಗೆ. ಮೇಲೆ ಆರು ಸಾವಿರ."

"ಪೆಟ್ಟಿಗೆಗೆ ಪೆಟ್ಟಿಗೆ ಸರಿಹೋಯ್ತಲ್ಲ. ಆರು ಸಾವಿರ ಯಾತಕ್ಕೆ?"

"ದ್ವಾರಪಾಲಕನ ಪಾತ್ರಕ್ಕೆ. ಮೀಸೆ, ಈಟಿಯ ಬಾಡಿಗೆ ಬೇರೆ."