ಎರಡು ಹೊಳೆ, ಎರಡು ಸೈಕಲ್, ಒಬ್ಬ ಕಂಡಕ್ಟರ್

ರಿಟೈರಾದ ಬಸ್ ಡ್ರೈವರ್ ಮನೆಯಲ್ಲಿ ಸುಮ್ಮನೆ ಕೂತರೆ ಊರಿಗೆ ಸುದ್ದಿಯೇ ಇಲ್ಲ. ಅದೇ ಡ್ರೈವರ್ ಸೈಕಲ್ ಹತ್ತಿದನೋ, ಹಾದಿಗೊಂದು ಫಜೀತಿ ತಾನಾಗಿಯೇ ಬಂದು ಅಡ್ಡ ನಿಲ್ಲುತ್ತದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ಸರ್ಕಾರಿ ಬಸ್ಸು ಓಡಿಸಿಯೇ ನನ್ನ ತಲೆ ಬೆಳ್ಳಗಾಯಿತು. ಆ ತುದಿಗೆ ತುಂಗಭದ್ರೆ, ಈ ತುದಿಗೆ ಕೃಷ್ಣೆ. ಎರಡೂ ಸೇತುವೆ ಲೆಕ್ಕವಿಲ್ಲದಷ್ಟು ಸಲ ದಾಟಿದವನು, ಒಂದು ಸಲವೂ ಕೆಳಗಿಳಿದು ನೀರು ಮುಟ್ಟಿರಲಿಲ್ಲ. ಹಿಂದೆ ಗಾಡಿ ತುಂಬ ಜನ ಕೂತಿರುವಾಗ ಹೊಳೆ ನೋಡುತ್ತ ನಿಲ್ಲಲು ಯಾರು ಬಿಡುತ್ತಾರೆ? ರಿಟೈರಾದ ಮೇಲೆ ಇದೊಂದೇ ಹಟ ಹಿಡಿದೆ. ಆ ಹೊಳೆಯ ನೀರು ಮುಟ್ಟಿ, ಈ ಹೊಳೆಯ ತನಕ ಸೈಕಲ್ ತುಳಿದುಕೊಂಡೇ ಹೋಗಬೇಕು. ನನ್ನ ಜೊತೆಗೇ ರಿಟೈರಾದ ನನ್ನ ಹಳೆಯ ಕಂಡಕ್ಟರ್ ಕೇಳಿದ ತಕ್ಷಣ, "ನಾ ಬರ್ತೀನಿ ಉಸ್ತಾದ್" ಅಂದ.

ನನ್ನ ಹೆಂಡತಿ ಎರಡೂ ಸೈಕಲ್ಲುಗಳ ಸುತ್ತ ಒಂದು ಸುತ್ತು ಹಾಕಿ ತನ್ನ ಕರಾರು ಹೇಳಿದಳು: "ಹೋಗ್ರಿ. ಆದ್ರ ಹೊಳಿ ಮುಟ್ಟೂದ್ರಾಗ ಇಬ್ಬರಾಗ ಒಬ್ರು ಬಸ್ ಹತ್ತಿದ್ರೂ ಸೈ, ಎರಡೂ ಸೈಕಲ್ ಗುಜರಿಗೆ ಹಾಕ್ತೀನಿ." ಆಕೆ ಹೇಳಿದರೆ ಮಾಡುವವಳೇ.

ರೈಟ್

ದಢೇಸುಗೂರಿನ ಹತ್ತಿರ ತುಂಗಭದ್ರೆಗೆ ಇಳಿದು ಮುಖ ತೊಳೆದೆವು. ಮೇಲೆ ಬಂದು ಸೈಕಲ್ ಹತ್ತಿ, ಪೆಡಲ್ ಮೇಲೆ ಒಂದು ಕಾಲಿಟ್ಟು ನಿಂತೆ. ಅವನು ನನ್ನ ಹಿಂದೆ ನಿಂತ. ಇಬ್ಬರೂ ನಿಂತೇ ಇದ್ದೆವು. ಕುರಿ ಹಿಂಡೊಂದು ನಮ್ಮನ್ನು ದಾಟಿಕೊಂಡು ಮುಂದೆ ಹೋಯಿತು.

"ಯಾಕ ಭಾಯಿ, ಏನರೆ ಮರ್ತಿ ಏನು?" ಅಂತ ಕೇಳಿದೆ.

"ನಾ ಎಲ್ಲಿ ಮರ್ತೀನಿ? ಮುಂದ ಇರಾಂವ ನೀ. ನೀ ಯಾಕ ಹೊಂಟಿಲ್ಲ?"

"ನೀ ಎಲ್ಲಿ ರೈಟ್ ಅಂದಿ?"

ಅವನು ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಎರಡು ಸಲ ಬಡಿದು "ರೈಟ್ ರೈಟ್!" ಎಂದು ಕೂಗಿದ. ಆಮೇಲೆಯೇ ನನ್ನ ಕಾಲು ಆಡಿದ್ದು.

ಮುಂದಿನ ಹಳ್ಳಿಯ ಸ್ಟಾಪಿನಲ್ಲಿ ಅಜ್ಜಿಯೊಬ್ಬಳು ಚೀಲ ಹಿಡಿದು ನಿಂತಿದ್ದಳು. ಬಿಸಿಲಿಗೆ ಹಣೆಗೆ ಕೈ ಅಡ್ಡ ಮಾಡಿಕೊಂಡಳು. ಹಿಂದಿನಿಂದ "ಹೋಲ್ಡಾನ್!" ಎಂಬ ಕೂಗು ಬಂತು. ನಾನು ಬ್ರೇಕ್ ಒತ್ತಿ ಸರಿಯಾಗಿ ಆಕೆಯ ಮುಂದೆಯೇ ನಿಲ್ಲಿಸಿದೆ. ಅಜ್ಜಿ ನನ್ನನ್ನು ನೋಡಿದಳು, ಅವನನ್ನು ನೋಡಿದಳು, ಕ್ಯಾರಿಯರ್ ಮೇಲಿನ ಗಂಟು ನೋಡಿದಳು.

"ನಿಲ್ಸಿದ್ದು ಚಲೋ ಆತು ಯಪ್ಪಾ. ಈ ಗಂಟು ತಗದ್ರ ನಾ ಕುಂದರ್ತೀನಿ."

ಏನು ಮಾರ್ತೀರಿ?

ಅವಸರವಿಲ್ಲದ ಪ್ರಯಾಣವೆಂದ ಮೇಲೆ ನೆಟ್ಟಗೆ ಹೋಗಬೇಕೆಂದೇನಿದೆ? ಕಾಲುವೆ ಪಕ್ಕದ ದಾರಿ ಹಿಡಿದು, ಭತ್ತದ ಗದ್ದೆಗಳ ನಡುವೆ ಆರ್.ಎಚ್. ಕ್ಯಾಂಪಿಗೆ ಹೋದೆವು. ಹಿಂದೆ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಕೊಟ್ಟ ಊರದು. ಅಲ್ಲಿಯ ಹೆಂಗಸರು ಮನೆಯಲ್ಲಿ ಬಂಗಾಳಿ ಆಡುತ್ತಾರೆ, ಹೊರಗೆ ನಮಗಿಂತ ಜೋರಾಗಿ ಕನ್ನಡ ಆಡುತ್ತಾರೆ.

ಹೀಗೆ ಸೈಕಲ್ ಮೇಲೆ ಗಂಟು ಕಟ್ಟಿಕೊಂಡು ಬರುವವರೆಂದರೆ ಪಾತ್ರೆಯವರು, ಸೀರೆಯವರು. ಅಂಗಳದಲ್ಲಿದ್ದ ಹೆಂಗಸು ಕರೆದಳು: "ಏನು ಮಾರಾಕ ಬಂದೀರಿ?"

"ಏನಿಲ್ಲಮ್ಮ, ಸುಮ್ನ ಊರು ನೋಡಾಕ ಬಂದೀವಿ."

"ಸುಮ್ನ?" ಎಂದು ಆಕೆ ಪಕ್ಕದ ಮನೆಯವಳನ್ನು ಕರೆದಳು. ಆಕೆ ಇನ್ನೊಬ್ಬಳನ್ನು ಕರೆದಳು. ಮಾರುವವರಾದರೆ ಕ್ಯಾಂಪಿನವರಿಗೆ ಭಯವಿಲ್ಲ, ಚೌಕಾಶಿ ಮಾಡಿ ಕಳಿಸುತ್ತಾರೆ. ಏನೂ ಮಾರದ ಇಬ್ಬರು ಗಂಡಸರು ಓಣಿಯಲ್ಲಿ ಸುತ್ತಿದರೆ ಯಾರು ಒಪ್ಪುತ್ತಾರೆ? "ಗಂಟಿನ್ಯಾಗ ಏನೈತಿ, ಬಿಚ್ಚಿ ತೋರಸ್ರಿ" ಅಂದರು.

ನಮ್ಮ ಕಂಡಕ್ಟರ್ ಗಂಟು ಬಿಚ್ಚಿದ. ನನ್ನ ಹೆಂಡತಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಹೊರಬಂದವು. ಎಲ್ಲರ ಮುಖವೂ ಅರಳಿತು. "ಹೋಳಿಗಿಯವ್ರು! ಮದ್ಲ ಹೇಳಬಾರದೇನು?" ನಾವು ಬೇಡ ಬೇಡ ಅನ್ನುವುದರೊಳಗೆ ಹೋಳಿಗೆ ಖಾಲಿಯಾದವು. ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದು ನಾನೂ ಹಟ ಹಿಡಿದೆ. ಹಾಗಾದರೆ ಉಂಡು ಹೋಗಿ ಎಂದು ಅವರೂ ಹಟ ಹಿಡಿದು ಅನ್ನ, ಮೀನಿನ ಸಾರು ಬಡಿಸಿದರು. ಆ ಸಾರಿನ ರುಚಿ ನೆನೆದರೆ ಈಗಲೂ ಅತ್ತ ಸೈಕಲ್ ತಿರುಗಿಸಬೇಕು ಅನಿಸುತ್ತದೆ.

ಹೊರಡುವಾಗ ಆ ಹೆಂಗಸು ಬಾಗಿಲವರೆಗೂ ಬಂದಳು. "ಹೋಳಿಗಿ ಚಲೋ ಅದಾವ. ಆದ್ರ ಹಿಂಗ ನಾಚ್ಕೊಂಡ್ರ ನಿಮ್ಮ ಯಾಪಾರ ಆಗಂಗಿಲ್ಲ, ನೋಡ್ರಿ."

ಪಾರ್ಸಲ್

ನಮ್ಮ ಕಡೆ ಬಸ್ ಡ್ರೈವರ್ ಎಂದರೆ ಅರ್ಧ ಪೋಸ್ಟ್‌ಮ್ಯಾನ್. ಹಾಸ್ಟೆಲ್ಲಿನ ಮಗನಿಗೆ ರೊಟ್ಟಿ, ಬಾಣಂತಿ ಮಗಳಿಗೆ ಅಂಟಿನುಂಡಿ, ಎಲ್ಲವನ್ನೂ ಡ್ರೈವರ್ ಸೀಟಿನ ಪಕ್ಕ ಇಟ್ಟು ಹೋಗುತ್ತಾರೆ. ಮುಂದಿನ ಊರಿನ ಸ್ಟ್ಯಾಂಡಿನಲ್ಲಿ ಯಾರೋ ಬಂದು ಒಯ್ಯುತ್ತಾರೆ. ಅದಕ್ಕೆ ಚೀಟಿಯೂ ಇಲ್ಲ, ಚಾರ್ಜೂ ಇಲ್ಲ.

ಮರುದಿನ ಬೆಳಿಗ್ಗೆ ಮಸ್ಕಿ ದಾರಿಯ ಒಂದು ಚಹಾದ ಅಂಗಡಿಯ ಮುಂದೆ ಪರಿಚಯದ ರೈತನೊಬ್ಬ ಸಿಕ್ಕ. "ಡ್ರೈವರ್ ಸಾಹೇಬ್ರ, ಮಸ್ಕಿಗೆ ಹೊಂಟೀರೇನು? ನಿಂದರ್ರಿ, ನಮ್ಮ ಅಳಿಯಗ ಒಂದು ಸಾಮಾನು ಕೊಡೋದೈತಿ."

"ಈಗ ನನ್ನ ಹತ್ರ ಬಸ್ಸಿಲ್ಲಪ್ಪ."

"ಬಸ್ಸಿಲ್ಲದಿದ್ರೇನು, ನೀವ ಅದೀರಲ್ಲ."

ಸಾಮಾನು ಎಂದರೆ ಕಾಲು ಕಟ್ಟಿದ ಒಂದು ಹುಂಜ. ನನ್ನ ಹ್ಯಾಂಡಲ್ಲಿಗೆ ಚೀಲ ತೂಗುಹಾಕಿ, ಹುಂಜದ ತಲೆ ಹೊರಗೆ ಬಿಟ್ಟು, ಅಳಿಯನಿಗೆ ಫೋನ್ ಮಾಡಿಯೇ ಬಿಟ್ಟ: "ಹೊಂಟಾರ ನೋಡು, ಸ್ಟ್ಯಾಂಡಿಗೆ ಬಾ!" ಯಾವ ಗಾಡಿಯಲ್ಲಿ ಹೊರಟಿದ್ದೇವೆಂದು ಮಾತ್ರ ಹೇಳಲಿಲ್ಲ. ಎದುರುಗಾಳಿ ಬೇರೆ. ಪ್ರತಿ ದಿಬ್ಬದಲ್ಲಿ ನಾನು ಏದುಸಿರು ಬಿಟ್ಟಾಗಲೆಲ್ಲ ಹುಂಜ ಕತ್ತೆತ್ತಿ ನನ್ನ ಮುಖ ನೋಡುತ್ತಿತ್ತು. ನಮ್ಮ ಕಂಡಕ್ಟರ್ ಹಿಂದಿನಿಂದ "ಪ್ಯಾಸೆಂಜರ್ ಬ್ಯಾಸರಾ ಮಾಡ್ಕೊಂಡಾನ ಉಸ್ತಾದ್, ಜಲ್ದಿ ತುಳಿ" ಅನ್ನುತ್ತಿದ್ದ.

ಮಸ್ಕಿ ಸ್ಟ್ಯಾಂಡು ಮುಟ್ಟುವಾಗ ಸಂಜೆಯಾಗಿತ್ತು. ಅಳಿಯ ಕೈ ಕಟ್ಟಿಕೊಂಡು ನಿಂತಿದ್ದ. ಹುಂಜ ಇಸಿದುಕೊಂಡ, ತಿರುಗಿಸಿ ನೋಡಿದ, ಆಮೇಲೆ ನನಗೆ ದಬಾಯಿಸಿದ:

"ಮಧ್ಯಾಹ್ನದ ಊಟಕ್ಕಂತ ಬೀಗರನ್ನ ಕರ್ದೀನ್ರಿ! ಇಷ್ಟ ಲೇಟ್ ಮಾಡಿದ್ರ ಹ್ಯಾಂಗ? ನಿಮ್ಮ ಡಿಪೊಕ್ಕ ಕಂಪ್ಲೇಂಟ್ ಕೊಡ್ತೀನಿ."

ರಾಜಿ

ಮರುದಿನ ಮಸ್ಕಿ ಬಿಟ್ಟು ಸಂತೆಕಲ್ಲೂರಿನ ಕಡೆ ಹೊರಳಿದೆವು. ಎರಡೂ ಬದಿ ಜೋಳದ ಹೊಲ, ನಡುವೆ ನನ್ನ ಮೊಣಕಾಲಿನ ನೋವು. ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, ಕೇಳದೆಯೇ ನನ್ನ ಸೈಕಲ್ ಎತ್ತಿ ಟ್ರಾಲಿಗೆ ಹಾಕಿದ. ನಾನು ಹತ್ತಿ ಇಳಿಸಿಕೊಂಡೆ. ಅವನು ಮತ್ತೆ ಹಾಕಿದ. ನಾನು ಮತ್ತೆ ಇಳಿಸಿಕೊಂಡೆ. "ಸತ್ರೂ ಹತ್ತಂಗಿಲ್ಲ" ಅಂದೆ. ಅವನು ನನ್ನನ್ನು ಕನಿಕರದಿಂದ ನೋಡಿ ಮುಂದೆ ಹೋದ. ಊರಿನಲ್ಲಿ ಏನು ಹೇಳಿದನೋ, ನಾವು ಮುಟ್ಟುವುದರೊಳಗೆ ಕಟ್ಟೆಯ ಮೇಲೆ ಹಿರಿಯರು ಕಾದಿದ್ದರು.

ನೀರು ಕೊಟ್ಟರು, ಕೂರಿಸಿದರು. ದೊಡ್ಡ ಪೇಟದವರೊಬ್ಬರು ನನ್ನ ತೊಡೆಯ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು: "ಮನ್ಯಾಗ ಜಗಳ ಆಗೈತೇನು?"

"ಇಲ್ರೀ ಯಜಮಾನ್ರ."

"ಮುಚ್ಚಿಡಬ್ಯಾಡ್ರಿ. ಈ ವಯಸ್ನ್ಯಾಗ ಗಂಟು ಕಟ್ಕೊಂಡು ಸೈಕಲ್ ಮ್ಯಾಲ ಯಾರು ಸುಮ್ನ ಹೊಂಡ್ತಾರ? ಫೋನ್ ಕೊಡ್ರಿ, ರಾಜಿ ಮಾಡಸ್ತೀವಿ."

ನಮ್ಮ ಕಂಡಕ್ಟರ್ ನಗು ತಡೆಯಲಾರದೆ ನನ್ನ ಹೆಂಡತಿಯ ನಂಬರ್ ಹಚ್ಚಿಯೇ ಕೊಟ್ಟ. ಯಜಮಾನರು ಇಡೀ ಕಟ್ಟೆಗೆ ಕೇಳುವಂತೆ ಹೇಳಿದರು: "ಯವ್ವಾ, ನಿಮ್ಮನಿಯವ್ರು ಇಲ್ಲಿ ಅದಾರ. ಆದದ್ದು ಆತು. ಮನಸ್ಸು ದೊಡ್ಡದು ಮಾಡಿ ಒಳಗ ಕರ್ಕೊ."

ಅತ್ತಲಿಂದ ನನ್ನ ಹೆಂಡತಿಯ ದನಿ ಸ್ವಚ್ಛವಾಗಿ ಕೇಳಿತು: "ನಾ ಎಲ್ಲಿ ಹೊರಗ ಹಾಕೀನ್ರೀ ಅಣ್ಣಾರ? ತಾವ ಹೋಗ್ಯಾರ. ಹಿಂಗ ಹೊರಗ ಹಾಕಾಕ ಬರ್ತೈತಿ ಅನ್ನೂದ ನನಗ ಇಷ್ಟು ವರ್ಷ ಗೊತ್ತಿದ್ದಿಲ್ಲ."

ಫುಟ್‌ಬೋರ್ಡ್

ಲಿಂಗಸುಗೂರು ಇನ್ನೇನು ಬಂತು ಅನ್ನುವಾಗ ರಸ್ತೆ ಬದಿಯಲ್ಲಿ ಒಂದು ಬಸ್ಸು ನಿಂತಿತ್ತು. ಬ್ಯಾಟರಿ ಸತ್ತಿತ್ತು. ಹುಡುಗ ಡ್ರೈವರ್ ನನ್ನ ಗುರುತು ಹಿಡಿದು ಕೈ ಮುಗಿದ: "ಸರ್, ಸ್ವಲ್ಪ ತಳ್ಳಿ ಕೊಡ್ರಿ." ಕೆಳಗಿಳಿದು ನಿಂತಿದ್ದ ಗಂಡಸರಿಗೆ ಕೂಗಿ ಹೇಳಿದ: " ಸ್ಟಾರ್ಟ್ ಆದ್ರ ಸ್ಟ್ಯಾಂಡಿನ ತನಕ ನಿಲ್ಸಂಗಿಲ್ಲ, ಎಲ್ರೂ ಓಡಿ ಹತ್ರಿ."

ತಳ್ಳುವುದಕ್ಕೆ ಕರಾರಿನಲ್ಲಿ ಅಡ್ಡಿಯಿರಲಿಲ್ಲ. ಸೈಕಲ್ ಸ್ಟ್ಯಾಂಡ್ ಹಾಕಿ ಹೆಗಲು ಕೊಟ್ಟೆವು. ಬಸ್ಸು ಕೆಮ್ಮಿತು, ಹೊಗೆ ಬಿಟ್ಟಿತು, ಶುರುವಾಯಿತು. ಗಂಡಸರೆಲ್ಲ ಓಡೋಡಿ ಹತ್ತಿದರು. ನಮ್ಮ ಕಂಡಕ್ಟರ್ ಪಕ್ಕದಲ್ಲೇ ಓಡುತ್ತ "ಒಳಗ ನಡೀರಿ, ಒಳಗ ನಡೀರಿ" ಎಂದು ಒಬ್ಬೊಬ್ಬರನ್ನೇ ಮೇಲೆ ದಬ್ಬಿದ. ಕೊನೆಯವನು ಹತ್ತಿದ ಕೂಡಲೇ ತಾನೂ ಫುಟ್‌ಬೋರ್ಡಿಗೆ ಜಿಗಿದು, ಬಾಗಿಲಿಗೆ ಜೋತುಬಿದ್ದು, ಬಸ್ಸಿಗೆ ಎರಡೇಟು ಬಡಿದು "ರೈಟ್ ರೈಟ್!" ಅಂದ.

ಬಸ್ಸು ಹೋಯಿತು. ನಾನು ಖುಷಿಯಿಂದ ಕೈ ಬೀಸಿದೆ. ತಿರುಗಿ ನೋಡಿದರೆ ಸೈಕಲ್ ಎರಡು, ಮನುಷ್ಯ ನಾನೊಬ್ಬನೇ.

ಬೇವಿನ ಮರದ ಕೆಳಗೆ ಕೂತೆ. ಸಿಟ್ಟು ಬಂತು, ಅಳುವೂ ಬಂತು. ಹೊಳೆ ಇಷ್ಟು ಹತ್ತಿರ ಬಂದಾಗಲೇ ಹೀಗಾಗಬೇಕೆ? ಬಹಳ ಹೊತ್ತಿನ ಮೇಲೆ ಬಿಸಿಲಿನಲ್ಲಿ ನಡೆದುಕೊಂಡು ಅವನು ವಾಪಸ್ ಬಂದ.

"ಆಟೋ ಸಿಗಲಿಲ್ಲೇನು?"

"ಸಿಕ್ಕಿತ್ತು. ಬಸ್ ಹತ್ತಿದ್ದ ಸಾಲದಂತ ಆಟೋನೂ ಹತ್ಲೇನು?" ಎಂದು ಬೆವರು ಒರೆಸಿಕೊಂಡ. "ಬೇಇಜ್ಜತಿ ಆತು ಉಸ್ತಾದ್. ಒಳಗ ಹೋಗಿ ಎಲ್ಲಾರಿಗೂ ಟಿಕೆಟ್ ಟಿಕೆಟ್ ಅಂದೆ. ಕಂಡಕ್ಟರ್ ಹುಡುಗಿ ಬಂದು, ಅಜ್ಜಾರ, ಮದ್ಲ ನಿಮ್ದು ತಗೋರಿ ಅಂದ್ಲು."

ಮರುದಿನ ಬೆಳಿಗ್ಗೆ ಜಲದುರ್ಗದ ಬಳಿ ಕೃಷ್ಣೆಗೆ ಇಳಿದೆವು. ಮೊಣಕಾಲುದ್ದ ನೀರಿನಲ್ಲಿ ನಿಂತು ಬೊಗಸೆ ತುಂಬಿಕೊಂಡಾಗ ನನ್ನ ಕಣ್ಣು ತುಂಬಿ ಬಂದವು. ಇಷ್ಟು ವರ್ಷ ಈ ನೀರನ್ನು ಮೇಲಿನಿಂದಲೇ ನೋಡಿ ಹೋದೆನಲ್ಲ ಎಂದು ಸಂಕಟವಾಯಿತು, ಕೊನೆಗೂ ಬಂದೆನಲ್ಲ ಎಂದು ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಫೋನ್ ಬಂತು.

"ಮುಟ್ಟಿದ್ರಾ? ಯಾರೂ ಬಸ್ ಹತ್ತಿಲ್ಲ ಹೌದಿಲ್ಲೋ?" ಹೆಂಡತಿಯ ದನಿ.

ನಮ್ಮ ಕಂಡಕ್ಟರ್ ನೀರಿನಲ್ಲೇ ಕೈ ಮುಗಿದು, ಹೇಳಬೇಡ ಎಂದು ಸನ್ನೆ ಮಾಡಿದ. ಆದರೆ ಹೊಳೆಯಲ್ಲಿ ನಿಂತು ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. ಬಸ್ಸು ಕೆಟ್ಟದ್ದು, ನಾನು ಹೆಗಲು ಕೊಟ್ಟು ತಳ್ಳಿದ್ದು, ಇವನು ಜಿಗಿದದ್ದು, ಎಲ್ಲವನ್ನೂ ಹೇಳಿದೆ. ಅವನು ಫೋನ್ ಕಸಿದುಕೊಂಡ: "ಭಾಭಿ, ಹತ್ತಿದ್ದು ಖರೆ. ಆದ್ರ ಕುಂತಿಲ್ಲ! ನಿಂತಿದ್ದೆ. ಕಂಡಕ್ಟರ್ ನಿಂತ್ರ ಅದು ಪ್ರಯಾಣ ಅಲ್ಲ, ಡ್ಯೂಟಿ!"

ಅತ್ತ ಕಡೆಯಿಂದ ಆಕೆ, "ಅವ್ರಿಗೆ ಕೊಡ್ರಿ" ಅಂದಳು. ಫೋನ್ ನನ್ನ ಕಿವಿಗೆ ಬಂತು.

"ಸೈಕಲ್ ಇರ್ಲಿ ಬಿಡ್ರಿ, ಗುಜರಿಗೆ ಹಾಕಂಗಿಲ್ಲ. ಬಸ್ಸು ತಳ್ಳೀರಿ ಅಂದ್ರಲ್ಲ, ಹೌದೇನು?"

"ಹೌದು."

"ತುಂಬಿದ ಬಸ್ಸು?"

"ಹೆಣ್ಮಕ್ಕಳು, ಮಕ್ಕಳು ಎಲ್ಲ ಒಳಗ ಕುಂತಿದ್ರು," ಎಂದೆ ಹೆಮ್ಮೆಯಿಂದ.

"ನಡ ನೋವು, ಬಗ್ಗಾಕ ಬರಂಗಿಲ್ಲ ಅಂತ ಹೋದ ದೀಪಾವಳಿಯಿಂದ ನಮ್ಮನಿ ಬೀರು ಸರಸಿಲ್ಲ ನೀವು. ಸೈಕಲ್ ಟಾಪಿನ ಮ್ಯಾಲ ಹಾಕ್ರಿ, ಮದ್ಲನೇ ಬಸ್ ಹತ್ತಿ ಸೀದಾ ಮನಿಗೆ ಬರ್ರಿ!"