ಚಹಾ ಗ್ಲಾಸು, ಮೀಟರು ಮತ್ತು ಬೇಸ್

ಕಾರಿಗೆ ಸಬ್‌ವೂಫರ್ ಆರಿಸಲು ಕಿವಿ ಬೇಕು ಎಂದು ನಾನು ನಂಬಿದ್ದೆ. ವಿಜಯಪುರದ ಈ ಕಾರ್ ಸ್ಟೀರಿಯೋ ಅಂಗಡಿಯಲ್ಲಿ ಒಂಬತ್ತು ವರ್ಷ ನಿಂತ ಮೇಲೆ, ಕಿವಿಯೊಂದನ್ನು ಬಿಟ್ಟು ಜನ ಉಳಿದೆಲ್ಲವನ್ನೂ ಬಳಸುತ್ತಾರೆ ಎಂದು ಗೊತ್ತಾಗಿದೆ. ವಾರಕ್ಕೊಂದಾದರೂ ಇಂಥದು ನಡೆಯುತ್ತದೆ. ನಡೆಯದಿದ್ದರೆ ಆ ವಾರ ಅಂಗಡಿ ಮುಚ್ಚಿತ್ತು ಎಂದೇ ಅರ್ಥ.

ಸಬ್‌ವೂಫರ್ ಎಂದರೆ ಕಾರಿನ ಡಿಕ್ಕಿಯಲ್ಲಿ ಕೂತು ಬರೀ ದಪ್ಪ ಸದ್ದನ್ನಷ್ಟೇ ಹೊರಡಿಸುವ ಪೆಟ್ಟಿಗೆ. ನಮ್ಮ ಗಿರಾಕಿಗಳ ಬಾಯಲ್ಲಿ ಅದು ಡಬ್ಬಿ. ಅಂಗಡಿಯ ಮಾಲೀಕರನ್ನು ಊರೆಲ್ಲ ಚಾಚಾ ಅನ್ನುತ್ತದೆ, ನಾನೂ ಅನ್ನುತ್ತೇನೆ. ನಾನು ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವನು, ಹಾಗಾಗಿ ಅವರು ನನ್ನನ್ನು ಮಾಸ್ತರ ಅನ್ನುತ್ತಾರೆ. ಅದು ಹೊಗಳಿಕೆಯಲ್ಲ.

ಪಂದ್ಯ

ಅಂಗಡಿಯ ಮುಂದೆ ಚಾಚಾನ ಹಳೆಯ ಕಾರು ನಿಂತಿರುತ್ತದೆ. ಡಿಕ್ಕಿಯಲ್ಲಿ ಮೂರು ಡಬ್ಬಿ. ಗಿರಾಕಿ ಕೇಳಿದ್ದಕ್ಕೆ ವೈರ್ ಹಚ್ಚಿ ಹಾಡು ಹಾಕುವುದು ನನ್ನ ಕೆಲಸ. ಆದರೆ ಅದಕ್ಕೂ ಮೊದಲು ಚಾಚಾ ಪಕ್ಕದ ಹೋಟೆಲಿನಿಂದ ತರಿಸಿದ ಅರ್ಧ ಗ್ಲಾಸು ಚಹಾವನ್ನು ಡ್ಯಾಶ್‌ಬೋರ್ಡಿನ ಮೇಲೆ ಇಡುತ್ತಾರೆ. ಚಹಾ ನಡುಗಿದರೆ ಡಬ್ಬಿ ಸಾಧಾರಣ. ಅಂಚು ದಾಟಿ ಚೆಲ್ಲಿದರೆ ಉತ್ತಮ. ಗಿರಾಕಿಯ ಪ್ಯಾಂಟಿನ ಮೇಲೆ ಬಿದ್ದರೆ ಮಾರಾಟ ಮುಗಿಯಿತು.

ಇದನ್ನು ನೋಡಲಾರದೆ ನಾನು ಸದ್ದು ಅಳೆಯುವ ಮೀಟರ್ ತರಿಸಿದೆ. ಚಾಚಾ ಅದನ್ನು ಮೇಲೆ ಕೆಳಗೆ ಮಾಡಿ ನೋಡಿ ಪಂದ್ಯ ಕಟ್ಟಿದರು.

"ಒಂದ್ ತಿಂಗಳು ಟೈಮ್ ಕೊಟ್ಟೇನಿ ಮಾಸ್ತರ. ನಿನ್ನ ಮೀಟರ್ ನೋಡಿ ಒಬ್ಬರಾದ್ರೂ ಡಬ್ಬಿ ಒಯ್ದ್ರ, ಈ ಗ್ಲಾಸ್ ಹೋಟೆಲ್‌ಗೆ ವಾಪಸ್. ಒಯ್ಲಿಲ್ಲಂದ್ರ ನಿನ್ನ ಮೀಟರ್ ಮನಿಗೆ."

ಎರಡು ವರ್ಷದ ಎಂಎಸ್ಸಿ ಒಂದು ಚಹಾ ಗ್ಲಾಸಿನ ಎದುರು ನಿಂತಿತು. ನಾನು ಹೂಂ ಅಂದೆ.

ಹದಿಮೂರು ಇಂಚು

ಮರುದಿನವೇ ತಿಕೋಟಾದಿಂದ ಒಬ್ಬ ಬಂದ. ಅವನ ಕಾಕಾನ ಮಗ ಹನ್ನೆರಡು ಇಂಚಿನ ಡಬ್ಬಿ ಹಾಕಿಸಿದ್ದನಂತೆ. ತನಗೆ ಹದಿಮೂರರದು ಬೇಕು ಅಂದ. ಹನ್ನೆರಡು ದಾಟಿದರೆ ನಮ್ಮಲ್ಲಿರುವುದು ಹದಿನೈದು, ನಡುವೆ ಏನೂ ಇಲ್ಲ ಅಂದೆ.

"ಹದಿನೈದು ಬ್ಯಾಡ್ರಿ, ಅಣ್ಣತಮ್ಮರ ಮನಸ್ಸು ಕೆಡ್ತಾವ. ಒಂದ್ ಇಂಚ್ ಹೆಚ್ಚಿದ್ರ ಸಾಕು."

ಅವನ ಸಣ್ಣ ಕಾರಿಗೆ ಹತ್ತು ಇಂಚಿನದೇ ಸರಿಹೊಂದುತ್ತದೆ ಎಂದು ಹೇಳಿ ಮೀಟರಿನ ಅಂಕಿ ತೋರಿಸಿದೆ. ಅವನು ಅಂಕಿಯನ್ನು ಗೌರವದಿಂದಲೇ ನೋಡಿದ. ಇದರಲ್ಲಿ ಹದಿಮೂರು ಎಲ್ಲಿ ಬರುತ್ತದೆ ಎಂದು ಕೇಳಿದ.

ಚಾಚಾ ನನ್ನನ್ನು ಪಕ್ಕಕ್ಕೆ ಸರಿಸಿ ಹನ್ನೆರಡರ ಡಬ್ಬಿ ತೆಗೆದರು. ಬಡಗಿಯನ್ನು ಕರೆಸಿ ಸ್ಪೀಕರಿನ ಸುತ್ತ ಅರ್ಧ ಇಂಚು ಅಗಲದ ಕಟ್ಟಿಗೆಯ ಬಳೆ ಕೂರಿಸಿದರು. ಗಿರಾಕಿ ಟೇಪು ಹಿಡಿದು ಈ ತುದಿಯಿಂದ ಆ ತುದಿಗೆ ಅಳೆದ. ಹದಿಮೂರು. "ಬೇಸ್ ಆತ್ರಿ," ಅಂದು ಸಂತೋಷದಿಂದ ಹೊತ್ತೊಯ್ದ. ಅದು ಹಾಡುತ್ತದೋ ಇಲ್ಲವೋ ಎಂದು ಕೊನೆಯವರೆಗೂ ಕೇಳಲಿಲ್ಲ.

ಲೆಕ್ಕ ಬರುವವರು

ಎರಡನೆಯ ವಾರ ಬಿಜ್ಜರಗಿಯ ದ್ರಾಕ್ಷಿ ಬೆಳೆಗಾರರೊಬ್ಬರು ಬಂದರು. ಕನ್ನಡಕ ಹಾಕಿಕೊಂಡು ಡಬ್ಬಿಯ ಮೇಲಿನ ಚೀಟಿ ಓದಿದರು. ಮೂರು ಸಾವಿರ ವ್ಯಾಟ್ ಎಂದಿತ್ತು.

"ನಮ್ಮ ಮೂರು ಎಚ್‌ಪಿ ಮೋಟಾರು ಎರಡೂಕಾಲು ಸಾವಿರ ವ್ಯಾಟ್‌ನಾಗ ಬಾವ್ಯಾಗಿನ ನೀರು ಎತ್ತತೈತಿ," ಅಂದರು. "ಇದು ಮೂರು ಸಾವಿರ ತಗೊಂಡು ಏನು ಎತ್ತತೈತ್ರಿ?"

ಒಂಬತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ನಾನು ಸ್ಟೂಲು ಎಳೆದು ಅವರನ್ನು ಕೂರಿಸಿದೆ. ಕಾರಿನ ಬ್ಯಾಟರಿ ಹನ್ನೆರಡು ವೋಲ್ಟ್, ಮೂರು ಸಾವಿರ ವ್ಯಾಟ್ ಬೇಕೆಂದರೆ ಅದು ಇನ್ನೂರೈವತ್ತು ಆಂಪಿಯರ್ ಕೊಡಬೇಕು, ಅಷ್ಟು ಕೊಡುವ ಶಕ್ತಿ ನಿಮ್ಮ ಕಾರಿಗಿಲ್ಲ, ಚೀಟಿ ಸುಳ್ಳು, ಮೀಟರನ್ನು ನಂಬಿ ಎಂದು ವಿವರಿಸಿದೆ. ಅವರು ಹಾಳೆಯ ಮೇಲೆ ಭಾಗಾಕಾರ ಮಾಡಿ ನೋಡಿದರು. ಉತ್ತರ ಸರಿ ಬಂತು. ಪಂದ್ಯ ಗೆದ್ದೆ ಅಂದುಕೊಂಡೆ.

ಅವರು ಎದ್ದು ನನ್ನ ಕೈ ಹಿಡಿದುಕೊಂಡು, ಖರೇ ಹೇಳುವ ಅಂಗಡಿಯವನನ್ನು ಇವತ್ತೇ ನೋಡಿದ್ದು ಅಂದರು. ಚೀಟಿಯಲ್ಲೇ ಸುಳ್ಳು ಬರೆದ ಮಾಲನ್ನು ಯಾರು ಒಯ್ಯುತ್ತಾರೆ ಎಂದೂ ಅಂದರು. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

ಚಾಚಾ ಹಣದ ಗಲ್ಲೆಯಿಂದ ತಲೆ ಎತ್ತಲಿಲ್ಲ. "ಮಾಸ್ತರ, ಇನ್ನೆರಡು ಖರೇ ಹೇಳು. ಅಂಗಡಿ ಬಾಗಲಾ ಹಾಕಿ ಮನಿಗೆ ಹೋಗೂಣು."

ಡೆಮೋ ಚಾ

ಗ್ಲಾಸಿಗೂ ಕೆಟ್ಟ ದಿನಗಳಿದ್ದವು ಎಂಬುದನ್ನು ನ್ಯಾಯವಾಗಿ ದಾಖಲಿಸಬೇಕು. ಮೂರನೆಯ ವಾರ ಅರಕೇರಿಯ ಗುತ್ತಿಗೆದಾರನೊಬ್ಬ ಕಾರಿನಲ್ಲಿ ಕೂತ. ನಾನು ಹದಿನೈದು ಇಂಚಿನ ಡಬ್ಬಿಗೆ ಪೂರ್ತಿ ಸದ್ದು ಕೊಟ್ಟೆ. ಕನ್ನಡಿ ಅದುರಿತು, ಬಾಗಿಲು ಅದುರಿತು, ಗುತ್ತಿಗೆದಾರನ ಗಲ್ಲ ಅದುರಿತು. ಚಹಾ ಮಾತ್ರ ಅಲ್ಲಾಡಲಿಲ್ಲ. ಅವತ್ತು ಹೋಟೆಲಿನವನು ಹಾಲು ಜಾಸ್ತಿ ಹಾಕಿದ್ದ, ಮೇಲೆ ಕೆನೆ ಕಟ್ಟಿತ್ತು.

ಗುತ್ತಿಗೆದಾರ ಗಲ್ಲ ಸವರಿಕೊಳ್ಳುತ್ತ, ಇದರಲ್ಲಿ ದಮ್ಮಿಲ್ಲ ಎಂದು ಇಳಿದುಹೋದ.

ಈಗಲಾದರೂ ಚಾಚಾಗೆ ಬುದ್ಧಿ ಬಂದೀತು ಅಂದುಕೊಂಡೆ. ಅವರು ನೇರ ಹೋಟೆಲಿಗೆ ಹೋಗಿ ಜಗಳ ತೆಗೆದರು. ಅಂದಿನಿಂದ ಆ ಹೋಟೆಲಿನಲ್ಲಿ ಮೂರು ಬಗೆಯ ಚಹಾ ಸಿಗುತ್ತದೆ. ಸಾದಾ, ಸ್ಪೆಷಲ್, ಮತ್ತು ನೀರು ಹೆಚ್ಚಿರುವ ಡೆಮೋ ಚಾ.

ಬೇಸ್

ತಿಂಗಳ ಕೊನೆಯ ದಿನ ಬಬಲೇಶ್ವರದಿಂದ ಗಂಡ ಹೆಂಡತಿ ಬಂದರು. ಗಂಡನ ಆಫೀಸಿನವರೆಲ್ಲ ಡಬ್ಬಿ ಹಾಕಿಸಿದ್ದರು, ಅವರಿಗೂ ಬೇಕಿತ್ತು. ಹೆಂಡತಿ ಒಪ್ಪಿದರೆ ಮಾತ್ರ ಅಂದರು. ಅವರಿಗಿಂತ ನನಗೆ ಅವಸರವಿತ್ತು. ಬೇಗಬೇಗ ಹತ್ತು ಇಂಚಿನ ಡಬ್ಬಿ ಜೋಡಿಸಿ, ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ, ಒಂದು ಭಜನೆ ಪದ ಹಾಕಿದೆ. ಕೈಯಲ್ಲಿ ಮೀಟರ್.

"ಅಕ್ಕಾರ, ಬೇಸ್ ಐತೇನ್ರಿ?"

"ಭಾಳ ಬೇಸ್ ಐತ್ರಿ."

ಡಬ್ಬಿಯ ಗುಂಡಿ ಇನ್ನಷ್ಟು ತಿರುಗಿಸಿದೆ. ಈಗ ಹೇಗೆ ಎಂದು ಕೇಳಿದೆ. ಮೊದಲೂ ಬೇಸ್ ಇತ್ತು, ಈಗಲೂ ಬೇಸ್ ಐತಿ ಅಂದರು. ಮೀಟರ್ ಎಂಬತ್ತೆರಡು ತೋರಿಸುತ್ತಿತ್ತು, ಮೇಲೇರಲಿಲ್ಲ. ಸೆಲ್ಲು ಮುಗಿದಿರಬೇಕೆಂದು ಅದನ್ನು ಎರಡು ಸಲ ಬಡಿದೆ. ಗಂಡ ಬಗ್ಗಿ ಅಂಕಿ ನೋಡಿದರು. "ಎಂಬತ್ತೆರಡು ಬಂತಲ್ರಿ, ಫಸ್ಟ್ ಕ್ಲಾಸ್. ಇದನ್ನ ಹಾಕ್ರಿ," ಅಂದರು.

ನಾನು ಡ್ಯಾಶ್‌ಬೋರ್ಡಿನ ಗ್ಲಾಸು ತೆಗೆದು ಚಾಚಾನ ಮುಂದೆ ಇಟ್ಟೆ. ಚಾಚಾ ಎದ್ದರು. ಕಾರಿನ ಹಿಂದೆ ಹೋಗಿ ಡಿಕ್ಕಿ ಎತ್ತಿದರು. ಒಂದು ವೈರನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು.

"ಮಾಸ್ತರ, ಇದು ಎಲ್ಲೀದು?"

ಡಬ್ಬಿಯ ವೈರು. ನಾನು ಹಚ್ಚಿರಲೇ ಇಲ್ಲ. ಅಲ್ಲಿಯವರೆಗೆ ಹಾಡಿದ್ದು ಕಾರಿನ ಮಾಮೂಲಿ ಸ್ಪೀಕರುಗಳು. ಚಾಚಾ ಹಚ್ಚಿದರು. ನಾನು ತಿರುಗಿಸಿಟ್ಟಿದ್ದ ಗುಂಡಿ ಹಾಗೇ ಇತ್ತು. ಭಜನೆಯ ತಬಲಾದ ಡಗ್ಗಾ ಕಾರಿನ ತಳದಿಂದ ಗುದ್ದಿತು, ನಂಬರ್ ಪ್ಲೇಟು ಗಲಗಲ ಅಂದಿತು, ಮೀಟರ್ ನೂರು ದಾಟಿತು. ನಾನು ಕೂಗಿ ಕೇಳಿದೆ, ಈಗ ಬೇಸ್ ಐತೇನ್ರಿ.

ಆಕೆ ಎರಡೂ ಕಿವಿ ಮುಚ್ಚಿಕೊಂಡು ಕೆಳಗಿಳಿದರು. "ಈಗ ಎಲ್ಲಿ ಬೇಸ್ ಐತ್ರಿ? ಆಗ ಇತ್ತಲ್ರಿ, ಆ ಬೇಸ್ ಕೊಡ್ರಿ."

ಸ್ಪೀಕರಿನವರ ಭಾಷೆಯಲ್ಲಿ ಬೇಸ್ ಎಂದರೆ ದಪ್ಪ ಸದ್ದು. ನಮ್ಮ ಕಡೆ ಬೇಸ್ ಎಂದರೆ ಚೆನ್ನಾಗಿದೆ. ಹುಟ್ಟಿದಾಗಿನಿಂದ ಎರಡನೆಯ ಅರ್ಥದಲ್ಲಿ ಮಾತಾಡುತ್ತ ಬಂದ ನಾನು, ಓದಿದ ತಪ್ಪಿಗೆ, ಮೊದಲನೆಯ ಅರ್ಥದಲ್ಲಿ ಕೇಳಿದ್ದೆ.

ಗಂಡನಿಗೆ ಡಿಕ್ಕಿಯಲ್ಲಿ ಡಬ್ಬಿ ಕಾಣಲೇಬೇಕಿತ್ತು. ಹೆಂಡತಿಗೆ ಅದು ಕೇಳಲೇಬಾರದಿತ್ತು. ಇಬ್ಬರೂ ಅಲ್ಲೇ ನಿಂತು ರಾಜಿಯಾದರು. ಡಬ್ಬಿ ಕೂರಿಸಿ, ವೈರ್ ಹಚ್ಚಬೇಡಿ ಅಂದರು. ಚಾಚಾ, ಮೀಟರ್ ನೋಡಿಯೇ ಒಯ್ದಿದ್ದಾರೆ, ಮಾತೆಂದರೆ ಮಾತು ಎಂದು ಗ್ಲಾಸನ್ನು ತಾವೇ ಹೋಟೆಲಿಗೆ ಕೊಟ್ಟುಬಂದರು.

ವಿಜ್ಞಾನದ ಬಲದಿಂದ ನಾನು ಮಾರಿದ ಆ ಒಂದೇ ಒಂದು ಸಬ್‌ವೂಫರ್ ಇವತ್ತಿಗೂ ಬಬಲೇಶ್ವರದಲ್ಲಿದೆ. ಅಂಗಡಿ ತೆರೆದಾಗಿನಿಂದ ಒಂದೂ ದೂರು ಬರದ ಡಬ್ಬಿ ಅದೊಂದೇ.